ಬೂಟಿನೊಳಗಿನ ಹಲ್ಲು

ಹುಲಿಯ ಬಾಯಿಗೆ ಕೈ ಹಾಕಿ ಬದುಕಿದವರು ಇರಬಹುದು. ನಾನು ಕೈ ಹಾಕಿದ್ದು ಅತ್ತೆಯ ಹಲ್ಲಿನ ಸೆಟ್ಟಿಗೆ. ಬದುಕಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನಾನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ. ನಾನು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕುಳಿತು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಸೆಟ್ಟು ಮಾಡಿ ಕೊಡುತ್ತೇನೆ. ಈ ಕೆಲಸವನ್ನೇ ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ. ನಾನು ನೋಡುವ ಬಾಯಿಗಳಿಗೆ ನಾಲಿಗೆ ಇರುವುದಿಲ್ಲ. ನಾನು ಹುಟ್ಟು ಪುಕ್ಕಲ. ಕುಕ್ಕರ್ ಕೂಗಿದರೆ ಎದ್ದು ನಿಲ್ಲುತ್ತೇನೆ, ಫೋನು ಬಡಿದುಕೊಂಡರೆ ಹೆಂಡತಿಯ ಮುಖ ನೋಡುತ್ತೇನೆ. ಇಂಥವನನ್ನು ಅಳಿಯನೆಂದು ಯಾಕೆ ಒಪ್ಪಿದರೋ ಅದನ್ನು ಅತ್ತೆಯೇ ಹತ್ತು ಜನರ ಮುಂದೆ ಹೇಳಿದ್ದಾರೆ: "ಎದುರು ಮಾತಾಡಲ್ಲ ಅಂತ ಒಪ್ಪಿದೆ. ಮಾತೇ ಆಡಲ್ಲ ಅಂತ ಆಮೇಲೆ ಗೊತ್ತಾಯ್ತು."

ಹೀಗೆ ತಣ್ಣಗೆ ಬಾಳುತ್ತಿದ್ದವನ ಮೇಲೆ ಡಾಕ್ಟರು ಒಂದು ಯಂತ್ರ ತಂದಿಟ್ಟರು. ಮೂರು ಆಯಾಮದ ಪ್ರಿಂಟರ್ ಅಂತೆ. ಕಾಗದದ ಮೇಲಲ್ಲ, ವಸ್ತುವನ್ನೇ ಅಚ್ಚು ಹಾಕಿ ಕೊಡುವಂಥದ್ದು.

"ನೋಡ್ರೀ, ಇನ್ಮೇಲೆ ಈ ಮೇಣ ಗೀಣ ಬೇಡ," ಎಂದರು ಡಾಕ್ಟರು. "ಅಚ್ಚನ್ನ ಸ್ಕ್ಯಾನ್ ಮಾಡೋದು, ಕಂಪ್ಯೂಟರಲ್ಲಿ ಸೆಟ್ಟಿನ ಮಾಡೆಲ್ ಮಾಡೋದು, ಪ್ರಿಂಟ್ ಕೊಡೋದು. ಯಾವ ಸಾಫ್ಟ್‌ವೇರ್ ನಿಮ್ಮ ಕೈಗೆ ಹತ್ತುತ್ತೋ ಅದನ್ನ ನೀವೇ ಆರಿಸ್ಕೊಳ್ಳಿ. ಸೋಮವಾರ ಒಂದು ಪೂರ್ತಿ ಸೆಟ್ಟು ತೋರಿಸಿ."

"ಆಗದೇ ಹೋದ್ರೆ, ಡಾಕ್ಟ್ರೇ?"

"ಆಗದೇ ಹೋದ್ರೆ ಮಾಡೆಲ್ ಹೊರಗಡೆ ಮಾಡಿಸ್ತೀನಿ. ಆಮೇಲೆ ನಿಮಗೆ ಇಲ್ಲೇನು ಕೆಲಸ ಇರುತ್ತೆ, ನೀವೇ ಹೇಳಿ."

ನಗುತ್ತಲೇ ಹೇಳಿದರು. ಅವರ ಹಲ್ಲುಗಳೆಲ್ಲ ಸ್ವಂತದವು, ಅಂಥವರು ನಿಶ್ಚಿಂತೆಯಾಗಿ ನಗಬಲ್ಲರು. ಈ ವಯಸ್ಸಿನಲ್ಲಿ ಈ ಕೆಲಸ ಹೋದರೆ ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಬಾಯಿದ್ದವರು ಹೇಗಾದರೂ ಬದುಕುತ್ತಾರೆ, ನನಗೆ ಇರುವುದೆಲ್ಲ ಬೇರೆಯವರ ಬಾಯಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ದಿನವಿಡೀ ಕಂಪ್ಯೂಟರ್ ಕುಟ್ಟುವವಳು. ಗಾಜಿನ ಕಿಂಡಿಯಾಚೆಯ ನೂಕುನುಗ್ಗಲನ್ನು ಒಂದೇ ನೋಟದಲ್ಲಿ ಸಾಲಿಗೆ ನಿಲ್ಲಿಸುತ್ತಾಳೆ.

"ಅದಕ್ಯಾಕೆ ಹಿಂಗೆ ಬೆವರ್ತಿದೀರಾ," ಎಂದಳು. "ಹೊಸಬರಿಗೆ ಅಂತಲೇ ಎಷ್ಟೋ ಸಾಫ್ಟ್‌ವೇರ್ ಇದಾವೆ. ಮೂರು ಹಾಕ್ಕೊಡ್ತೀನಿ, ಒಂದು ಆರಿಸ್ಕೊಳ್ಳಿ."

"ಯಾವುದನ್ನ ಆರಿಸ್ಲಿ?"

ಕುರ್ಚಿಯಲ್ಲಿದ್ದ ಅತ್ತೆ (ಅವರು ನಮ್ಮ ಜೊತೆಗಿದ್ದಾರೆ, ಸರಿಯಾಗಿ ಹೇಳಬೇಕೆಂದರೆ ನಾವು ಅವರ ಜೊತೆಗಿದ್ದೇವೆ) ಬಾಯಿ ಹಾಕಿದರು: "ಅಳಿಯಂದ್ರಿಗೆ ಆರಿಸೋ ಕಷ್ಟ ಯಾಕೆ ಕೊಡ್ತೀಯೆ. ನೀನೇ ಒಂದು ಹಾಕ್ಕೊಡು, ತಲೆ ಆಡಿಸ್ತಾರೆ."

ಅತ್ತೆ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಾರೆ. ಏಕವಚನದ ಬೈಗುಳ ಒಂದು ಕಡೆ ಬೀಳುತ್ತದೆ, ಬಹುವಚನದ್ದು ಮೈಯೆಲ್ಲ ವ್ಯಾಪಿಸುತ್ತದೆ.

ಶುಕ್ರವಾರ ರಜೆ ಹಾಕಿ ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅತ್ತೆ ಊಟ ಮುಗಿಸಿ, ಸೆಟ್ಟು ತೊಳೆದು ನೀರಿನ ಬಟ್ಟಲಿಗೆ ಹಾಕಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಮೊದಲನೇ ಸಾಫ್ಟ್‌ವೇರ್ ಬಗ್ಗೆ ಹೆಂಡತಿ, "ಇದು ಬಿಟ್ಟಿ, ಇದರಲ್ಲಿ ಆಗದೇ ಇರೋದೇ ಇಲ್ವಂತೆ" ಎಂದಿದ್ದಳು. ಬಿಟ್ಟಿ ಸಿಗುವ ಸರ್ವಶಕ್ತ ದೇವರೊಬ್ಬನೇ ಎಂದುಕೊಂಡಿದ್ದೆ. ಅವನ ಹಾಗೆಯೇ ಇದೂ ಹೊಸಬರಿಗೆ ಸುಲಭವಾಗಿ ಒಲಿಯುವಂಥದ್ದಲ್ಲ. ತೆರೆದ ಕೂಡಲೇ ಪರದೆಯ ತುಂಬ ಗುಂಡಿಗಳು, ಗುಂಡಿ ಒತ್ತಿದರೆ ಇನ್ನಷ್ಟು ಗುಂಡಿಗಳು, ನಟ್ಟನಡುವೆ ಒಂದು ಬೂದುಬಣ್ಣದ ಡಬ್ಬ. ಯಾರದೋ ಡಬ್ಬ, ನಾನು ಮುಟ್ಟಿ ಏನಾದರೂ ಆದರೆ? ಕೈಕಟ್ಟಿಕೊಂಡು ಸ್ವಲ್ಪ ಹೊತ್ತು ನೋಡಿದೆ. ಧೈರ್ಯ ಮಾಡಿ ಮೌಸ್ ಅಲ್ಲಾಡಿಸಿದೆ, ಡಬ್ಬ ತಿರುಗಿತು. ಒಂದು ಕೀಲಿ ಒತ್ತಿದೆ, ಡಬ್ಬ ಮಾಯವಾಯಿತು. ಮನೆಯಲ್ಲಿ ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದರೂ "ನಾನಲ್ಲ" ಎಂದು ಬಾಯಿಬಿಟ್ಟೇ ಹೇಳಿದೆ.

ನಾನು ಕಣ್ಣಲ್ಲಿ ನೋಡಿ ಕೈಯಲ್ಲಿ ಮಾಡುವವನು. ಎದುರಿಗೆ ಒಂದು ನಮೂನೆ ಇದ್ದರೆ ಕೈ ಪಳಗುತ್ತದೆ ಎನ್ನಿಸಿತು. ಬಟ್ಟಲಿನಿಂದ ಅತ್ತೆಯ ಸೆಟ್ಟು ಮೆಲ್ಲಗೆ ತೆಗೆದು ಕೀಬೋರ್ಡಿನ ಪಕ್ಕ ಇಟ್ಟುಕೊಂಡೆ. ಡಬ್ಬವನ್ನು ವಾಪಸು ಕರೆಯಲು ಇನ್ನೊಂದು ಕೀಲಿ ಒತ್ತಿದೆ. ಕಂಪ್ಯೂಟರು ಟಣ್ ಎಂದಿತು. ನಾನು ಬೆಚ್ಚಿಬಿದ್ದೆ. ಮೊಣಕೈ ಸೆಟ್ಟಿಗೆ ತಗುಲಿತು, ಸೆಟ್ಟು ನೆಲಕ್ಕೆ ಬಿತ್ತು. ಗಾಬರಿಯಲ್ಲಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ. ಗಾಲಿ ಅದರ ಮೇಲೆ ಹತ್ತಿತು. ಇನ್ನೂ ಗಾಬರಿಯಾಗಿ ಮುಂದಕ್ಕೆ ಎಳೆದೆ. ಗಾಲಿ ಎರಡನೇ ಸಲ ಹತ್ತಿತು.

ಮುರಿದ ಸೆಟ್ಟು ಜೋಡಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಇದು ಜೋಡಿಸುವ ಹಂತವನ್ನು ದಾಟಿತ್ತು. ಮುಂದಿನ ನಾಲ್ಕಾರು ಹಲ್ಲುಗಳ ಒಂದು ತುಂಡು ಮಾತ್ರ ಇಡಿಯಾಗಿ ಉಳಿದು, ಬೆನ್ನ ಮೇಲೆ ಬಿದ್ದು ನನ್ನನ್ನು ನೋಡಿ ನಗುತ್ತಿತ್ತು. ಅತ್ತೆಯ ಕಡೆ ತಿರುಗಿದೆ. ಕಣ್ಣು ಮುಚ್ಚಿಯೇ ಇತ್ತು. ನಿಜ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನೀವು ನನ್ನ ಅತ್ತೆಯನ್ನು ನೋಡಿಲ್ಲ. ಚೂರುಗಳನ್ನೆಲ್ಲ ಬಾಚಿ, ಬಾಗಿಲ ಬಳಿ ಇದ್ದ ನನ್ನ ಹಳೆಯ ಬೂಟಿನ ತುದಿಯವರೆಗೂ ತುರುಕಿದೆ.

ಸಂಜೆ ಹೆಂಡತಿ ಬರುವ ಹೊತ್ತಿಗೆ ಅತ್ತೆ ಖಾಲಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಬಾಯಿಗೆ ಟವೆಲ್ ಅಡ್ಡ. ಅತ್ತೆಯದು ಒಂದು ಛಲ: ಹಲ್ಲಿಲ್ಲದ ಬಾಯನ್ನು ಯಾರಿಗೂ ತೋರಿಸುವುದಿಲ್ಲ, ಹೊಟ್ಟೆಯ ಮಗಳಿಗೂ ಇಲ್ಲ. ಹೀಗಾಗಿ ಅವರ ಮಾತೆಲ್ಲ ಟವೆಲಿನೊಳಗಿಂದ ಬರುತ್ತಿತ್ತು. ಫ ಫ ಭ ಭ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ.

"ಬಟ್ಟಲಲ್ಲಿದ್ದದ್ದು ಎಲ್ಲಿ ಹೋಗುತ್ತೆ?" ಎಂದಳು ಹೆಂಡತಿ.

"ಬೆಕ್ಕು ಬಂದಿತ್ತೇನೋ," ಎಂದೆ. "ಪಕ್ಕದ ಮನೇದು."

"ಪಕ್ಕದ ಮನೇಲಿರೋದು ಗಿಣಿ ಕಣ್ರೀ."

ಅತ್ತೆ ನನ್ನ ಕಡೆ ಬೆರಳು ಮಾಡಿ ಟವೆಲಿನೊಳಗೆ ಉದ್ದಕ್ಕೆ ಏನೋ ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ಬೂಟಿನ ಕಡೆ ನೋಡಿಬಿಟ್ಟೆ. ನಿದ್ದೆಯಲ್ಲಿದ್ದರು, ಅವರಿಗೇನೂ ಗೊತ್ತಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ಅಮ್ಮ ಏನೋ ಹೇಳ್ತಿದಾಳೆ, ಒಂದಕ್ಷರ ಅರ್ಥ ಆಗ್ತಿಲ್ಲ. ಅಮ್ಮಾ, ಬರೆದಾದ್ರೂ ತೋರಿಸು," ಎಂದು ಹೆಂಡತಿ ಪೆನ್ನು ಕೊಟ್ಟಳು. ಅತ್ತೆ ಪೆನ್ನನ್ನು ಎಸೆದರು. ತಾನೇನು ಮೂಗಿಯೇ ಎಂಬ ಅರ್ಥ ಆ ಎಸೆತದಲ್ಲೇ ಇತ್ತು.

ಆಗ ನನ್ನ ಬಾಯಿಂದ ಒಂದು ಮಾತು ಜಾರಿತು. "ನಂಗೆ ಅರ್ಥ ಆಗುತ್ತೆ. ನಾನು ಬೋಳು ಬಾಯಿಗಳ ಮಧ್ಯೆನೇ ಬದುಕಿರೋನು."

"ಹೌದಾ? ಏನಂತೆ?"

"ಹೋದ್ರೆ ಹೋಗ್ಲಿ ಬಿಡು ಅಂತಿದಾರೆ. ಗಂಜಿ ಬೇಕಂತೆ."

ಅತ್ತೆಯ ಕಣ್ಣು ಹೇಗಾಯಿತೆಂದು ವರ್ಣಿಸಲಾರೆ. ಹೆಂಡತಿ ಗಂಜಿ ಕಾಯಿಸಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡೆ. ಆದರೆ ಗಂಜಿಯ ಬಟ್ಟಲು ತಂದಿಡುತ್ತ ಅವಳು ಇನ್ನೊಂದು ದೊಣ್ಣೆ ಬೀಸಿದಳು.

"ಹೇಗೂ ಸೋಮವಾರಕ್ಕೆ ಒಂದು ಸೆಟ್ಟು ಮಾಡ್ಬೇಕಲ್ಲ, ಅಮ್ಮನದೇ ಮಾಡಿ. ಅಮ್ಮನಿಗೆ ಹಲ್ಲೂ ಆಯ್ತು, ನಿಮಗೆ ಕೆಲಸಾನೂ ಉಳೀತು."

ಅತ್ತೆಯ ವಸಡಿನ ಪ್ಲಾಸ್ಟರ್ ಅಚ್ಚು ಕ್ಲಿನಿಕ್ಕಿನ ಕಪಾಟಿನಲ್ಲೇ ಇತ್ತು. ಓಡಿಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. "ಸ್ವಂತ ಅತ್ತೆ ಮೇಲೇ ಪ್ರಯೋಗಾನಾ? ಧೈರ್ಯ ಇದೆ ಕಣ್ರೀ ನಿಮಗೆ," ಎಂದರು ಡಾಕ್ಟರು. ನನ್ನನ್ನು ಧೈರ್ಯವಂತನೆಂದವರು ಈ ಭೂಮಂಡಲದಲ್ಲಿ ಅವರೊಬ್ಬರೇ.

ಶನಿವಾರ ಹೆಂಡತಿಗೆ ರಜೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು, ಎದುರಿಗೆ ಅತ್ತೆ ಟವೆಲ್ ಸಮೇತ. ಎರಡನೇ ಸಾಫ್ಟ್‌ವೇರ್ ಮಕ್ಕಳಿಗಾಗಿ ಮಾಡಿದ್ದು. ಬಣ್ಣಬಣ್ಣದ ಇಟ್ಟಿಗೆ, ಕೊಳವೆ, ಚೆಂಡು. ಎಳೆದು ತಂದು ಪೇರಿಸಿದರೆ ಆಯಿತು. ನನಗೆ ಬಹಳ ಹಿಡಿಸಿತು. ಇದರಲ್ಲಿ ಏನೂ ಮಾಯವಾಗುವುದಿಲ್ಲ, ಯಾರೂ ಟಣ್ ಎನ್ನುವುದಿಲ್ಲ. ಮಧ್ಯಾಹ್ನದವರೆಗೂ ಕುಳಿತು ಎರಡು ಸಾಲು ಹಲ್ಲು ಮಾಡಿದೆ.

ಹೆಂಡತಿ ಕತ್ತು ಓರೆ ಮಾಡಿ ನೋಡಿದಳು. "ಇದು ಹಲ್ಲಾ, ಕಾಂಪೌಂಡ್ ಗೋಡೆನಾ?"

"ಸ್ವಲ್ಪ ಚೌಕವಾಗಿ ಬಂದಿದೆ."

"ಗೇಟು ಒಂದು ಕಮ್ಮಿ ಇದೆ ಅಷ್ಟೇ."

ಅತ್ತೆ ಟವೆಲಿನೊಳಗೆ ಗುಡುಗಿದರು. "ಏನಂತೆ?" ಎಂದಳು ಹೆಂಡತಿ. "ಅಳಿಯಂದ್ರು ಪಾಪ ಬೆಳಗ್ಗೆಯಿಂದ ಕಷ್ಟಪಡ್ತಿದಾರೆ, ಒಂದು ಲೋಟ ಕಾಫಿ ಕೊಡು ಅಂತಿದಾರೆ," ಎಂದೆ. ಕಾಫಿ ಬಂತು. ಕುಡಿಯುವ ಧೈರ್ಯ ಮಾತ್ರ ಬರಲಿಲ್ಲ, ಏಕೆಂದರೆ ಅತ್ತೆ ಈಗ ಸುಮ್ಮನಾಗಿದ್ದರು. ಅವರು ಸುಮ್ಮನಿದ್ದುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಉಳಿದದ್ದು ಮೂರನೆಯದು. ಅದರಲ್ಲಿ ಡಬ್ಬವಿಲ್ಲ, ಇಟ್ಟಿಗೆಯಿಲ್ಲ, ಒಂದು ಮಣ್ಣಿನ ಮುದ್ದೆ. ಉಬ್ಬಿಸಬಹುದು, ತಗ್ಗಿಸಬಹುದು, ಚಿವುಟಬಹುದು, ಸವರಿ ನುಣುಪು ಮಾಡಬಹುದು. ಮೇಣದಲ್ಲಿ ಪಳಗಿದ ನನ್ನ ಕೈ ಅದನ್ನು ಕೂಡಲೇ ಗುರುತು ಹಿಡಿಯಿತು. ಮೇಲ್ಗಡೆ, ಕಣ್ಣಿಗೆ ಹೊಡೆಯುವ ಹಾಗೆ, ಬಾಗಿದ ಬಾಣದ ಒಂದು ಗುರುತಿತ್ತು.

"ತಪ್ಪಾದ್ರೆ ಇದನ್ನ ಒತ್ತಿ. ಮಾಡಿದ್ದೆಲ್ಲ ಹಿಂದಕ್ಕೆ ಹೋಗುತ್ತೆ," ಎಂದಳು ಹೆಂಡತಿ.

"ಎಷ್ಟು ಹಿಂದಕ್ಕೆ?"

"ಒತ್ತಿದಷ್ಟೂ."

"ಶುಕ್ರವಾರದ ತನಕ ಹೋಗುತ್ತಾ?"

"ಶುಕ್ರವಾರ ಇದನ್ನ ತೆಗೆದೇ ಇರ್ಲಿಲ್ವಲ್ರೀ."

ಮೊದಲ ಎರಡರಲ್ಲೂ ಆ ಗುರುತು ಎಲ್ಲೋ ಇತ್ತಂತೆ. ಇದರಲ್ಲಿ ಎದುರಿಗೇ ಇತ್ತು. ಬೇರೆಯವರು ಸಾಫ್ಟ್‌ವೇರ್ ಆರಿಸುವಾಗ ಏನೇನು ನೋಡುತ್ತಾರೋ, ನಾನು ತಪ್ಪಿಸಿಕೊಳ್ಳುವ ದಾರಿ ಎಲ್ಲಿದೆ ಎಂದು ನೋಡಿ ಮೂರನೆಯದನ್ನೇ ಆರಿಸಿದೆ.

ಭಾನುವಾರದ ಹೊತ್ತಿಗೆ ಅತ್ತೆಯ ಅಚ್ಚಿನ ಮೇಲೆ ವಸಡು ಕೂತಿತು, ಹಲ್ಲು ಮೂಡಿತು. ಅದರಲ್ಲೊಂದು ಸೋಜಿಗವಿತ್ತು. ಬಲಗಡೆ ಒಂದು ಹಲ್ಲು ತಿದ್ದಿದರೆ ಎಡಗಡೆಯದೂ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತಿತ್ತು. ಅರ್ಧ ಕೆಲಸ ಉಳಿಯಿತೆಂದು ಹಿಗ್ಗಿದೆ. ಕೊನೆಗೆ ಅತ್ತೆಯ ಓರೆ ಹಲ್ಲಿನ ಸರದಿ ಬಂತು. ಅತ್ತೆಗೆ ಮೇಲ್ಸಾಲಿನಲ್ಲಿ ಒಂದು ಹಲ್ಲು ಓರೆಯಾಗಿಯೇ ಇರಬೇಕು. ಹುಟ್ಟುಹಲ್ಲು ಹಾಗೇ ಇತ್ತಂತೆ. ಹಿಂದಿನ ಸೆಟ್ಟು ಮಾಡುವಾಗಲೂ, "ಅದಿಲ್ದಿದ್ರೆ ನಾನು ನಾನಲ್ಲ" ಎಂದಿದ್ದರು. ಜೋಪಾನವಾಗಿ ಆ ಹಲ್ಲನ್ನು ಹೊರಕ್ಕೆಳೆದೆ. ಆ ಕಡೆಯದೂ ಹೊರಕ್ಕೆ ಬಂತು.

"ರೀ, ನಮ್ಮಮ್ಮನಿಗೆ ಎರಡೂ ಕಡೆ ಕೋರೆ ಇಟ್ಟಿದೀರಲ್ಲ," ಎಂದಳು ಹೆಂಡತಿ. ಅವಳ ಧ್ವನಿ ತಣ್ಣಗಿತ್ತು. "ಬೇಕಂತಲೇ ಮಾಡಿದ್ದಾ?"

"ಇಲ್ಲ ಕಣೇ, ತಾನಾಗೇ ಬಂತು."

ಒಂದನ್ನು ಒಳಕ್ಕೆ ತಳ್ಳಿದೆ, ಎರಡೂ ಹೋದವು. ಒಂದನ್ನು ಎಳೆದೆ, ಎರಡೂ ಬಂದವು. ಪರದೆಯ ಮೇಲೆ ಅತ್ತೆಯ ಬಾಯಿ ಕಚ್ಚಲು ಬರುವುದು, ಹಿಂದಕ್ಕೆ ಸರಿಯುವುದು, ಮತ್ತೆ ಬರುವುದು ಮಾಡುತ್ತಿತ್ತು.

"ಈ ಚಿಟ್ಟೆ ಚಿತ್ರದ ಗುಂಡಿ ಏನು?"

"ಗೊತ್ತಿಲ್ಲ, ನಾನು ಮುಟ್ಟಿಲ್ಲ."

"ಯಾಕೆ?"

"ಏನಾದ್ರೂ ಆದ್ರೆ?"

ಹೆಂಡತಿ ಚಿಟ್ಟೆಯನ್ನು ಒತ್ತಿದಳು. ಎರಡು ರೆಕ್ಕೆಗಳ ಹಾಗೆ ಎರಡೂ ಕಡೆ ಒಂದೇ ಸಮ ಮಾಡುವ ಗುಂಡಿಯಂತೆ ಅದು. ಅದು ಆಫ್ ಆದ ಮೇಲೆ ಹಲ್ಲು ಒಂದೇ ಕಡೆ ಓರೆಯಾಯಿತು. ಆಗ ಅವಳು ಕೇಳಬಾರದ ಪ್ರಶ್ನೆ ಕೇಳಿದಳು: "ಅಮ್ಮನ ಓರೆ ಹಲ್ಲು ಈ ಕಡೆನಾ, ಆ ಕಡೆನಾ?"

ಎದುರಿಗೇ ಅತ್ತೆ ಇದ್ದರು. ಆದರೆ ಅತ್ತೆಯನ್ನು ಕೇಳುವುದೆಂದರೆ ಟವೆಲಿನ ಹಿಂದಿನ ಬಾಯಿ ತೆರೆಸುವುದೆಂದರ್ಥ. ಉತ್ತರ ಬೂಟಿನೊಳಗಿತ್ತು. ಹೆಂಡತಿ ಅಡುಗೆಮನೆಗೆ ಹೋದದ್ದೇ ತಡ, ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತು, ಬೂಟಿಗೆ ಕಣ್ಣು ಹಚ್ಚಿ, ಮುಂದಿನ ಹಲ್ಲುಗಳ ತುಂಡನ್ನು ತೆಗೆದು ನೋಡಿಕೊಂಡೆ. ಓರೆ ಹಲ್ಲು ಅತ್ತೆಯ ಎಡಕ್ಕಿತ್ತು. ತುಂಡನ್ನು ಒಳಗೆ ತುರುಕಿ ತಿರುಗಿದರೆ ಅತ್ತೆ ಎದ್ದು ನಿಂತಿದ್ದರು. ಬೂಟಿನ ಕಡೆ ಬೆರಳು. ಟವೆಲಿನೊಳಗೆ ಸಮುದ್ರ.

ಹೆಂಡತಿ ಓಡಿಬಂದಳು. "ಏನು ಹೇಳ್ತಿದಾಳೆ?"

"ಅದು... ಈ ಬೂಟು ಹಳೇದಾಯ್ತು, ಅಳಿಯಂದ್ರಿಗೆ ಹೊಸದು ತೆಗೆಸ್ಕೊಡು ಅಂತಿದಾರೆ."

"ಅಮ್ಮ ಹೇಳೋದು ಸರಿನೇ," ಎಂದು ಹೆಂಡತಿ ಎರಡೂ ಬೂಟನ್ನು ಎತ್ತಿಕೊಂಡು ಹೋಗಿ ಬೀದಿಯ ಕಸದ ತೊಟ್ಟಿಗೆ ಹಾಕಿ ಕೈ ಕೊಡವಿಕೊಂಡು ಬಂದಳು. ಬೀದಿಯ ತುದಿಯಲ್ಲಿ ಕಸದ ಲಾರಿಯ ಸದ್ದು. ಅತ್ತೆಯ ಹಲ್ಲು ಕಸದವನ ಕೈಗೆ ಸಿಕ್ಕಿ, ಅವನು ಮನೆಮನೆಗೂ ತೋರಿಸಿ "ಯಾರದು ಸ್ವಾಮಿ" ಎಂದು ಕೇಳುತ್ತ ಬರುವ ಚಿತ್ರ ಕಣ್ಣಿಗೆ ಕಟ್ಟಿತು. ಬರಿಗಾಲಲ್ಲಿ ಓಡಿದೆ. ಎರಡು ಬೂಟನ್ನೂ ಎದೆಗವಚಿಕೊಂಡು ವಾಪಸು ಬಂದೆ.

"ಇದನ್ನ ಹಾಕ್ಕೊಂಡೇ ಕೆಲಸಕ್ಕೆ ಸೇರಿದ್ದು ಕಣೇ," ಎಂದೆ ಏದುಸಿರು ಬಿಡುತ್ತ. "ಅದೃಷ್ಟದ ಬೂಟು."

"ಹೌದಾ? ಹಂಗಿದ್ರೆ ನಾಳೆ ಅದನ್ನೇ ಹಾಕ್ಕೊಂಡು ಹೋಗಿ."

ಸೋಮವಾರ ಬೆಳಗ್ಗೆ ಬೂಟನ್ನು ಖಾಲಿ ಮಾಡೋಣವೆಂದರೆ ಅತ್ತೆ ತಮ್ಮ ಕುರ್ಚಿಯನ್ನು ಬಾಗಿಲ ಬಳಿಗೇ ಎಳೆದುಕೊಂಡು ಕುಳಿತಿದ್ದರು. ಅವರ ಕಣ್ಣೆದುರೇ ಬೂಟಿಗೆ ಕಾಲು ತೂರಿಸಿದೆ. ಅವರ ಹಳೆಯ ಹಲ್ಲುಗಳು ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿದವು. ಕುಂಟುತ್ತ ಕ್ಲಿನಿಕ್ಕಿಗೆ ಹೋಗಿ ಮಾಡೆಲ್ ಕೊಟ್ಟೆ. ಯಂತ್ರ ಗುಂಯ್‌ಗುಟ್ಟಿತು, ಸೆಟ್ಟು ಹೊರಗೆ ಬಂತು, ಉಜ್ಜಿ ಹೊಳಪು ಕೊಟ್ಟೆ. ಮಧ್ಯಾಹ್ನ ಹೆಂಡತಿ ಅತ್ತೆಯನ್ನು ಕರೆತಂದಳು. ಪರದೆ ಎಳೆದುಕೊಂಡು ಡಾಕ್ಟರು ಸೆಟ್ಟು ಕೂರಿಸಿದರು. ಪರದೆ ಸರಿದಾಗ ಟವೆಲ್ ಇರಲಿಲ್ಲ. ಅತ್ತೆ ಕನ್ನಡಿ ಹಿಡಿದು, ಓರೆ ಹಲ್ಲು ಇರುವ ಕಡೆಯೇ ಇದೆ ಎಂದು ನೋಡಿಕೊಂಡು, ನನ್ನತ್ತ ತಿರುಗಿ ನಕ್ಕರು. ಅಷ್ಟು ಸುಂದರವಾದ ನಗುವನ್ನು ನಾನೇ ಮಾಡಿದ್ದೆ. ನೋಡಿ ಗೋಡೆಯ ಕಡೆಗೆ ಸರಿದೆ.

"ಏನಾದ್ರೂ ಮಾತಾಡಿ ಅಮ್ಮ," ಎಂದರು ಡಾಕ್ಟರು. "ಜೋರಾಗಿ, ತಡೆಯದೆ. ಸ, ಶ ಬರೋ ಮಾತು ಹೆಚ್ಚಿರ್ಲಿ. ಎಲ್ಲಾದ್ರೂ ಜಾರಿದ್ರೆ ಸೆಟ್ಟು ಕೆಟ್ಟಿದೆ ಅಂತ. ಆಗ ಇವರ ವಿಷಯ ಬೇರೆ ಯೋಚನೆ ಮಾಡ್ಬೇಕಾಗುತ್ತೆ."

"ಶುಕ್ರವಾರ," ಎಂದರು ಅತ್ತೆ.

ನಾನು ಗೋಡೆ ಹಿಡಿದುಕೊಂಡೆ.

"ಶುಕ್ರವಾರ ಊಟ ಆದ್ಮೇಲೆ ನಾನು ಸುಮ್ನೆ ಕಣ್ಣು ಮುಚ್ಚಿದ್ದೆ. ಈ ಅಳಿಯಂದ್ರು ಸದ್ದಿಲ್ದೆ ಬಂದು ಸೆಟ್ಟು ಎತ್ತಿಕೊಂಡ್ರು. ಬೀಳಿಸಿದ್ರು. ಕುರ್ಚಿ ಹತ್ತಿಸಿದ್ರು, ಒಂದ್ಸಲ ಸಾಲ್ದು ಅಂತ ಎರಡ್ಸಲ ಹತ್ತಿಸಿದ್ರು."

"ಭೇಷ್," ಎಂದರು ಡಾಕ್ಟರು. "ಶ ಎಷ್ಟು ಸ್ಪಷ್ಟವಾಗಿದೆ ನೋಡ್ರೀ. ಮುಂದುವರಿಸಿ ಅಮ್ಮ."

"ಗಂಜಿ ಬೇಕು ಅಂತ ನಾನು ಯಾವಾಗ ಹೇಳ್ದೆ? ಗಂಜಿ ಕಂಡ್ರೆ ನಂಗೆ ಆಗಲ್ಲ. ಮೂರು ದಿವಸ ಗಂಜಿ ಸುರಿದ್ರು. ನಾನು ಕಳ್ಳ ಅಂದ್ರೆ ಇವರು ಕಾಫಿ ಅಂದ್ರು."

ನನ್ನ ಪಾಡು ಕೇಳಿ. ಸೆಟ್ಟು ಜಾರಿದರೆ ಅತ್ತೆಯ ಮಾತು ನಿಲ್ಲುತ್ತದೆ, ಕೆಲಸ ಹೋಗುತ್ತದೆ. ಜಾರದಿದ್ದರೆ ಕೆಲಸ ಉಳಿಯುತ್ತದೆ, ಮಾನ ಹೋಗುತ್ತದೆ. ಹೆಂಡತಿಯ ಮುಖ ನೋಡಲು ಧೈರ್ಯವಾಗದೆ ಕಣ್ಣು ಮುಚ್ಚಿಕೊಂಡು, ದೇವರೇ, ಅತ್ತೆ ನನ್ನನ್ನು ಇನ್ನಷ್ಟು ಬೈಯಲಿ, ಹಲ್ಲು ಮಾತ್ರ ಅಲ್ಲಾಡದಿರಲಿ ಎಂದು ಬೇಡಿಕೊಂಡೆ. ದೇವರು ನನ್ನ ಮೊರೆಯನ್ನು ಇಷ್ಟು ಧಾರಾಳವಾಗಿ ಎಂದೂ ಕೇಳಿರಲಿಲ್ಲ.

"ಆ ಹಳೇ ಹಲ್ಲೆಲ್ಲಿ ಅಮ್ಮಾ?" ಎಂದಳು ಹೆಂಡತಿ.

"ಬೂಟು ಬಿಚ್ಚಿಸು."

ಬಿಚ್ಚಿದೆ. ಹೆಬ್ಬೆರಳಿನ ಮೇಲೆ ಆರು ಹಲ್ಲಿನ ಗುರುತು, ಒಂದು ಓರೆ. ಡಾಕ್ಟರು ಚೂರುಗಳನ್ನು ತಟ್ಟೆಯ ಮೇಲೆ ಹರವಿ, ಒಂದು ತುಂಡನ್ನು ಅತ್ತೆಯ ಬಾಯಿಯ ಪಕ್ಕ ಹಿಡಿದು ನೋಡಿ, "ಹಳೇದಕ್ಕಿಂತ ಹೊಸದೇ ಗಟ್ಟಿ. ಕೆಲಸ ನಿಮ್ಮದೇ, ಸಂಶಯ ಬೇಡ," ಎಂದರು. ಹೆಂಡತಿ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಆಡಿದಳು. ಅಂದಿನಿಂದ ನನಗೆ ಎರಡೂ ಹೊತ್ತು ಗಂಜಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಡಾಕ್ಟರು ಅತ್ತೆ ಮಾತಾಡಿದ್ದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸಿಕೊಂಡಿದ್ದರು. ಹೊಸ ಸೆಟ್ಟು ಎಷ್ಟು ಬಿಗಿಯಾಗಿ ಕೂರುತ್ತದೆಂದು ಜನರಿಗೆ ತೋರಿಸಲು ಅದನ್ನೀಗ ಕಾಯುವ ಕೋಣೆಯ ಟೀವಿಯಲ್ಲಿ ಹಾಕುತ್ತಾರೆ. ಮನೆಯಲ್ಲಿ ನೇರ ಪ್ರಸಾರ, ಕ್ಲಿನಿಕ್ಕಿನಲ್ಲಿ ಮರುಪ್ರಸಾರ. ಹಿಂದಿನ ಕೋಣೆಯಲ್ಲಿ ಚಿಟ್ಟೆಯ ಗುಂಡಿ ಒತ್ತುತ್ತ ಕುಳಿತವನಿಗೆ "ಶುಕ್ರವಾರ" ಎಂಬ ದನಿ ಕೇಳಿದಾಗಲೆಲ್ಲ ಕುರ್ಚಿ ತಾನಾಗಿ ಹಿಂದಕ್ಕೆ ಸರಿಯುತ್ತದೆ.

ವ್ಯಾಪಾರ ಮಾತ್ರ ಚೆನ್ನಾಗಿದೆ. ವಯಸ್ಸಾದ ಹೆಂಗಸರು ಟೀವಿ ನೋಡಿ, "ನಮಗೂ ಇಂಥದ್ದೇ ಬೇಕು" ಎನ್ನುತ್ತಾರೆ. ಮೊನ್ನೆ ಹಾಗೆ ಬಂದ ಒಬ್ಬರನ್ನು ಡಾಕ್ಟರ ಬಳಿ ಕೂರಿಸಿ, ಅವರ ಅಳಿಯ ಮೆಲ್ಲಗೆ ನನ್ನ ಕೋಣೆಗೆ ಬಂದ. ಆಚೀಚೆ ನೋಡಿ, ದನಿ ತಗ್ಗಿಸಿ, "ಸಾರ್, ನಮ್ಮತ್ತೇದು ಸ್ವಲ್ಪ ಸಡಿಲವಾಗಿ ಮಾಡೋಕಾಗುತ್ತಾ?" ಎಂದ. ನನ್ನವನೇ ಎನ್ನಿಸಿತು.

"ಆಗಲ್ಲಪ್ಪ, ಹೊಸ ಯಂತ್ರ, ಬಿಗಿಯಾಗೇ ಬರುತ್ತೆ," ಎಂದೆ. ಹೋಗುತ್ತಿದ್ದವನನ್ನು ನೋಡಿ ಕರುಳು ಚುರ್ರೆಂದಿತು. ಕರೆದು ಕಿವಿಯಲ್ಲಿ ಹೇಳಿದೆ: "ಬೂಟು ಕೊಳ್ಳೋವಾಗ ಒಂದು ಸೈಜು ದೊಡ್ಡದೇ ತಗೊಳ್ಳಿ."